ಆಡಿನ ಪೊರೆ

ಹರ್ನಿಯಾ ಆಪರೇಷನ್ ಆಗಿ ಆರು ತಿಂಗಳಾದರೂ ಪರಸೋಜಿಯ ಹೊಟ್ಟೆ ಹತೋಟಿಗೆ ಬಂದಿರಲಿಲ್ಲ. ಒಳಗೆ ಹೊಲಿದಿದ್ದು ಈಗ ಎಲ್ಲರಿಗೂ ಹಾಕುವಂಥದೇ, ಆಡಿನ ಜೀವಂತ ಪೊರೆ. ಹತ್ತಿರದಲ್ಲಿ ಎಲ್ಲೇ ಆಡು ಕಡಿದರೂ ಅದು ಕರುಳು ಕಿವುಚುತ್ತದೆ. "ಮಟನ್ ಅಂಗಡಿ ಕಡೆ ಹೋಗಬ್ಯಾಡ್ರಿ, ಅಷ್ಟ," ಎಂದಿದ್ದರು ಡಾಕ್ಟರು. ಪರಸೋಜಿಯದು ಮೂರು ತಲೆಮಾರಿನ ಮಟನ್ ಅಂಗಡಿ.

ತನ್ನ ಆಡುಗಳನ್ನೇನೋ ಅವನು ಒಂದೇ ಏಟಿಗೆ ಮುಗಿಸುತ್ತಿದ್ದ. ಹಲ್ಲು ಕಚ್ಚಿದರೆ ನೋವು ಮಿಂಚಿ ಹೋಗುತ್ತಿತ್ತು. ಅವನ ಜೀವ ತಿನ್ನುತ್ತಿದ್ದವನು ಪಕ್ಕದ ಅಂಗಡಿಯ ತುಕಾರಾಮ. ಈ ಭಾನುವಾರ ಅವನ ಮೊಂಡು ಮಚ್ಚಿಗೆ ಒಂದು ಕುತ್ತಿಗೆ ತುಂಡಾಗಲು ನಾಲ್ಕು ಏಟು ಬೇಕಾಯಿತು. ನಾಲ್ಕೂ ಪರಸೋಜಿಯ ಹೊಟ್ಟೆಯೊಳಗೇ ಬಿದ್ದವು. ನೆಲದಲ್ಲಿ ಹೊರಳಾಡಿ ಎದ್ದವನೇ ಪಕ್ಕದ ಅಂಗಡಿಗೆ ನುಗ್ಗಿ, ತುಕಾರಾಮನ ಮುಖವನ್ನು ಮಾಂಸ ಕಡಿಯುವ ಕೊರಡಿಗೆ ಜಜ್ಜಿದ.

"ಮಚ್ಚು ಮಸಿಯಾಕ ಏನ್ ಧಾಡಿಲೇ ನಿನಗ?"

"ಭಾನುವಾರ ಪುರುಸೊತ್ತ ಎಲ್ಲೈತಿ, ಪರಸಣ್ಣ?" ತುಕಾರಾಮ ಮೂಗಿನ ರಕ್ತ ಒರೆಸಿಕೊಂಡ.

"ಸರಿ ಆ ಕಡೆ. ನಾನ ಕಡೀತೀನಿ."

ಪರಸೋಜಿ ತನ್ನ ಮಚ್ಚು ತಂದು ಮುಂದಿನ ಆಡಿನ ಬಳಿ ನಿಂತ. ಇನ್ನೂ ಕೈ ಎತ್ತಿರಲಿಲ್ಲ, ಹೊಟ್ಟೆ ಆಗಲೇ ಗಡಗಡ ನಡುಗುತ್ತಿತ್ತು. ಇಷ್ಟು ದಿನ ಅದನ್ನು ನೋವಿಗೆ ಹೆದರಿದ ತನ್ನದೇ ನಡುಕ ಎಂದುಕೊಂಡಿದ್ದ. ಹಗ್ಗ ಹಿಡಿಯಲು ಬಗ್ಗಿದಾಗ ಅಂಗೈ ಆಡಿನ ಪಕ್ಕೆಗೆ ತಾಗಿತು. ಅಲ್ಲೂ ಅದೇ ನಡುಕವಿತ್ತು.

"ಲಗೂ ಕಡೀರಿ!" ಗಿರಾಕಿಗಳು ಕೂಗಿದರು.

ಅವನು ಮಚ್ಚು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತು ಆಡಿನ ಕೊರಳು ಸವರತೊಡಗಿದ. ಬೈಗುಳ ಬಂದರೂ ಸವರುತ್ತಲೇ ಇದ್ದ. ತನ್ನ ಹೊಟ್ಟೆಯ ನಡುಕ ಪೂರ್ತಿ ನಿಂತ ಮೇಲೆ ಎದ್ದು, ಮಚ್ಚು ಎತ್ತಿದ.