ಕೋಚ್ ಏಟು

ಹುಡುಗಿ ಒಂದು ಕೈಯಲ್ಲಿ ಐಸ್ ಸ್ಕೇಟಿಂಗ್ ರಿಂಕಿನ ಅಡ್ಡಗೋಡೆ ಹಿಡಿದುಕೊಂಡು, ಸ್ಕೇಟಿನ ಅಲಗುಗಳಿಗೆ ತೊಡಿಸಿದ್ದ ಪ್ಲಾಸ್ಟಿಕ್ ಕವಚಗಳನ್ನು ಕಳಚಿ ಸಾಣೆ ಅಕ್ಕನ ಕೈಗಿಟ್ಟಳು. "ಅಕ್ಕ, ಆ ಜಿಗಿತ ಬಂದಾಗ ನೀವು..." ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಧ್ವನಿವರ್ಧಕ ಅವಳ ಹೆಸರು ಕೂಗಿತು. ಮಾತನ್ನು ಅರ್ಧಕ್ಕೇ ಬಿಟ್ಟು ಐಸಿನ ಮೇಲೆ ಜಾರಿಹೋದಳು.

ಉಳಿದರ್ಧ ಸಾಣೆ ಅಕ್ಕನಿಗೆ ಹೇಳದೆಯೂ ಗೊತ್ತಿತ್ತು, ಗೊತ್ತಿದೆ ಎಂದುಕೊಂಡಳು. ಬಡಿಯಬೇಕು. ಅಕ್ಕನ ಗಂಡ ಹನ್ನೊಂದು ವರ್ಷ ಈ ಹುಡುಗಿಯ ಕೋಚ್ ಆಗಿದ್ದ. ಮೂರೂವರೆ ಸುತ್ತಿನ ಆ ದೊಡ್ಡ ಜಿಗಿತ ಬಂದಾಗಲೆಲ್ಲ ಅಡ್ಡಗೋಡೆಗೆ ಅಂಗೈಯಿಂದ ಧಪ್ ಎಂದು ಬಡಿಯುತ್ತಿದ್ದ. ಟಿವಿಯವರು ಮೊದಲು ಆ ಕೈ ತೋರಿಸಿ ಆಮೇಲೆ ಜಿಗಿತ ತೋರಿಸುತ್ತಿದ್ದರು. ಅಭಿಮಾನಿಗಳು ಅದಕ್ಕೆ 'ಕೋಚ್ ಏಟು' ಎಂದು ಹೆಸರಿಟ್ಟಿದ್ದರು. ಅಲಗುಗಳಿಗೆ ಸಾಣೆ ಹಿಡಿಯುವ ಅಕ್ಕ ಮಾತ್ರ ಅದನ್ನು ಕಣ್ಣೆದುರು ಒಮ್ಮೆಯೂ ಕಂಡಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ಅವನು ತೀರಿಹೋಗಿ ನಾಲ್ಕು ತಿಂಗಳು. ಅಲ್ಲಿಂದೀಚೆಗೆ ಎರಡು ಸ್ಪರ್ಧೆಗಳು ನಡೆದು, ಎರಡರಲ್ಲೂ ಹುಡುಗಿ ಅದೇ ಜಿಗಿತದಲ್ಲಿ ಬಿದ್ದಿದ್ದಳು. ಹೊಸ ಕೋಚ್ ಪಾಪ, ಟಿವಿ ನೋಡಿ ನೋಡಿ ಆ ಏಟನ್ನೂ ಕಲಿತುಕೊಂಡು ಬಂದು ಬಡಿದಿದ್ದ. ಪ್ರಯೋಜನವಾಗಿರಲಿಲ್ಲ. ಇವತ್ತೂ ಬಿದ್ದರೆ ತಂಡದಿಂದ ಹೊರಗೆ; ಹಾಗಾದರೆ ಸ್ಕೇಟುಗಳನ್ನು ಗೂಟಕ್ಕೆ ನೇತುಹಾಕಿ ಆಟ ಬಿಟ್ಟುಬಿಡುತ್ತೇನೆ ಎಂದು ಹುಡುಗಿ ಹೇಳಿಯೂ ಆಗಿತ್ತು. "ಇದೊಂದು ಸಲ ನನ್ನ ಜೊತೆಗೆ ಸಾಣೆ ಅಕ್ಕ ನಿಲ್ಲಲಿ" ಎಂದು ಹಟ ಹಿಡಿದವಳೂ ಅವಳೇ.

ಸಂಗೀತ ಶುರುವಾಯಿತು. ಹಿಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ಹಿರಿಯರೊಬ್ಬರು ಪಕ್ಕದಲ್ಲಿದ್ದ ಮೊಮ್ಮಗಳಿಗೆ ಹೇಳುತ್ತಿದ್ದರು: "ಇವಳ ಪದಕ ಎಲ್ಲ ಹಳೇ ಕೋಚ್‌ದೇ ಕಣಮ್ಮ. ಅವರ ಏಟಿಲ್ಲದೆ ಇವಳು ಒಂದು ಗೇಣೂ ಮೇಲೇಳಲ್ಲ."

"ಹೌದೌದು ತಾತ. ಬಿದ್ದಾಗ ಸೊಂಟ ಹಿಡ್ಕೊಂಡಿದ್ದೂ ಕೋಚೇ ಇರ್ಬೇಕು."

"ನಿನಗೇನು ಗೊತ್ತಾಗುತ್ತೆ, ಸುಮ್ಮನೆ ನೋಡು."

ಸಾಣೆ ಅಕ್ಕ ತಿರುಗಲಿಲ್ಲ. ಹುಡುಗಿ ಬಿದ್ದರೆ ಅವನು ಇನ್ನೊಮ್ಮೆ ಸತ್ತಂತೆ. ಬೀಳದಿದ್ದರೆ, ಅವನಿಲ್ಲದೆಯೂ ಎಲ್ಲ ನಡೆಯುತ್ತದೆ ಎಂದಾಗುತ್ತದೆ. ಯಾವುದಕ್ಕೆ ಹೆದರಬೇಕು ಎನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಹುಡುಗಿ ಆ ಮೂಲೆಯಿಂದ ದೊಡ್ಡ ತಿರುವು ತೆಗೆದುಕೊಂಡು ನೇರ ಇತ್ತಲೇ ಬಂದಳು. ಈಗ. ಎರಡೂ ಕೈಯಲ್ಲಿ ಒಂದೊಂದು ಕವಚ. ಕೆಳಗಿಡಬೇಕು, ಕೈ ಎತ್ತಬೇಕು, ಬಡಿಯಬೇಕು. ಕೈ ಏಳಲಿಲ್ಲ. ಮರದ ಕೈಗಳ ಹಾಗೆ ಅಲ್ಲೇ ಉಳಿದುವು. ಇಡೀ ಕ್ರೀಡಾಂಗಣ ಆ ಸದ್ದಿಗೆ ಕಾದಿತ್ತು, ಬರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಳು.

ಬದಲಿಗೆ ಬಂದದ್ದು ಅಲಗು ಐಸಿಗೆ ತಾಗಿದ ಕರ್ರ್ ಸದ್ದು. ಒಂದೇ ಕಾಲಿನದು, ಶುದ್ಧ, ಎಲ್ಲೂ ತೊದಲದ್ದು. ಆ ಸದ್ದಿನ ಗುರುತು ಅವಳಿಗಿಂತ ಚೆನ್ನಾಗಿ ಬೇರೆ ಯಾರಿಗೂ ಇರಲಾರದು. ಆ ಅಲಗಿಗೆ ನಿನ್ನೆ ಸಾಣೆ ಹಿಡಿದವಳೇ ಅವಳು. ಕಣ್ಣು ತೆರೆಯುವಷ್ಟರಲ್ಲಿ ಹುಡುಗಿ ತೋಳು ಚಾಚಿ ಹಿಮ್ಮುಖವಾಗಿ ದೂರ ಜಾರುತ್ತಿದ್ದಳು.

ಅಂಕಗಳಿಗಾಗಿ ಕಾಯುವ ಬೆಂಚಿನ ಮೇಲೆ ಇಬ್ಬರೂ ಕೂತರು. ಹುಡುಗಿ ಏದುಸಿರಿನಲ್ಲೇ ನಕ್ಕಳು. "ಅಕ್ಕ, ನೀವೆಲ್ಲಿ ಬಡಿದುಬಿಡ್ತೀರೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ."

"ಬಡೀಬೇಕಿರಲಿಲ್ವಾ?"

"ಅಯ್ಯೋ, ಬಡೀಬೇಡಿ ಅನ್ನೋಕೇ ಬಾಯಿ ತೆಗೆದಿದ್ದೆ. ಹೊಸ ಸರ್ ನಾನು ಕಾಲೆತ್ತೋಕ್ಕಿಂತ ಮುಂಚೆ ಬಡಿದ್ರು. ಎರಡು ಸಲವೂ ಬೆಚ್ಚಿಬಿದ್ದೇ ಬಿದ್ದದ್ದು ನಾನು. ಅವರಿಗೆ ಹೇಗೆ ಹೇಳೋದು, ಅಷ್ಟು ಕಷ್ಟಪಟ್ಟು ಕಲಿತು ಬಂದಿದ್ರು."

"ನಮ್ಮನೆಯವರು?"

"ಅವರು ಯಾವಾಗ್ಲೂ ತಡ. ನಾನು ಗಾಳೀಲಿದ್ದಾಗ ಕೇಳಿಸ್ತಿತ್ತು ಆ ಧಪ್. ಯಾಕೆ ಸರ್ ಬಡೀತೀರಿ ಅಂತ ಒಂದಿನ ಕೇಳಿದೆ. 'ನಿನಗಲ್ಲ ಕಣೇ, ನನಗೆ. ನೀನು ನೆಲ ಬಿಟ್ಟ ಮೇಲೆ ನನ್ನ ಕೈಲೇನಿದೆ? ಅಷ್ಟು ಹೊತ್ತು ಏನ್ಮಾಡ್ಲಿ ನಾನು?' ಅಂದ್ರು." ಹುಡುಗಿ ನೀರು ಕುಡಿದಳು. "ಯಾರಿಗೂ ಹೇಳ್ಬೇಡಿ. ಏಟಿನ ಮೇಲೆ ಜನಕ್ಕೆ ತುಂಬ ಪ್ರೀತಿ. ಬಿದ್ದಾಗ ಮಾತ್ರ ನನ್ನ ಹೆಸರು ನೆನಪಾಗುತ್ತೆ, ನೋಡಿ."

ಸಾಣೆ ಅಕ್ಕನ ಎದೆಯಿಂದ ಏನೋ ಇಳಿಯಿತು. ಗೋಡೆಯಾಚೆಯಿಂದ ಹನ್ನೊಂದು ವರ್ಷ ಕೇಳಿದ್ದು ಆಜ್ಞೆಯಲ್ಲ, ಗಂಡನ ಪುಕ್ಕಲುತನ. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

ಅಂಕಗಳು ಬಂದುವು. ತಂಡದಲ್ಲಿ ಹುಡುಗಿಯ ಜಾಗ ಉಳಿಯಿತು. ಹಿಂದಿನ ಸಾಲಿನ ತಾತ ಮಫ್ಲರ್ ಬೀಸುತ್ತ, "ಏಟು ಕೇಳಿಸ್ತಲ್ಲ, ಕೇಳಿಸ್ತಲ್ಲ?" ಎಂದು ಮೊಮ್ಮಗಳನ್ನು ಪೀಡಿಸುತ್ತಿದ್ದರು. ಮೇಲಿನ ದೊಡ್ಡ ಪರದೆಯಲ್ಲಿ ಜಿಗಿತವನ್ನು ನಿಧಾನವಾಗಿ ಮತ್ತೆ ತೋರಿಸತೊಡಗಿದರು. ತಿರುವು, ಬಾಗಿದ ಮಂಡಿ, ಐಸು ಬಿಟ್ಟ ಅಲಗು. ಇಳಿದದ್ದು ಗೊತ್ತಿದ್ದೂ, ಅಂಕ ಬಂದಿದ್ದೂ, ಹುಡುಗಿ ಪಕ್ಕದಲ್ಲೇ ಕೂತಿದ್ದೂ ಸಾಣೆ ಅಕ್ಕನ ಕೈ ತಾನಾಗಿ ಎದ್ದು ಬೆಂಚಿಗೆ ಧಪ್ ಎಂದು ಬಡಿಯಿತು.

"ತಡವಾಯ್ತು ಅಕ್ಕ. ನಾನಾಗಲೇ ಮೇಲಿದ್ದೀನಿ" ಎಂದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ.

ಅಂಗೈ ಚುರುಚುರು ಉರಿಯಿತು. ಅದನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಇನ್ನೊಂದು ಸಲ ತೋರಿಸುತ್ತಾರೇನೋ ಎಂದು ಸಾಣೆ ಅಕ್ಕ ಪರದೆಯನ್ನೇ ನೋಡುತ್ತ ಕುಳಿತಳು.