ಘೇದೆಪ್ಪನ ಮುಂಗಡ

ಕರಿ ಟೋಪಿ ತಲೆಗೇರಿದ ಕೂಡಲೇ ರೆನೆಲ್ ಮೂಗಿನಲ್ಲಿ ಮಾತಾಡತೊಡಗಿದ. ಗುಡಿಯ ಅಂಗಳದಲ್ಲಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಸತ್ತವರ ಹಬ್ಬದ ದಿನ ಸ್ಮಶಾನದೊಡೆಯ ಘೇದೆ ಯಾರ ಮೈಮೇಲೆ ಬಂದರೂ ಸ್ವರ ಮೂಗಿನಿಂದಲೇ ಹೊರಡುತ್ತದೆಂದು ಜಾಕ್ಮೆಲ್ ಊರಿನ ಕೂಸಿಗೂ ಗೊತ್ತು. ಬಂದದ್ದು ಘೇದೆಯಲ್ಲ ಎಂಬುದು ಮಾತ್ರ ರೆನೆಲ್‌ಗೆ ಗೊತ್ತು. ಕಡಲ ದಂಡೆಯ ಹೋಟೆಲಿನಲ್ಲಿ ಪ್ರವಾಸಿಗರೆದುರು ಇದೇ ಸ್ವರ ತೆಗೆದು, ಇದೇ ಸೊಂಟ ಕುಣಿಸಿ ನಗಿಸುವುದು ಅವನ ಹೊಟ್ಟೆಪಾಡು. ಇವತ್ತಿನ ಆಟವೆಲ್ಲ ಒಬ್ಬನೇ ಪ್ರೇಕ್ಷಕನಿಗಾಗಿ.

ಆ ಪ್ರೇಕ್ಷಕ, ಅವನಪ್ಪ ಒದಿಲೊನ್, ದೊಡ್ಡ ಡೋಲು ಬಾರಿಸುತ್ತಿದ್ದ. ಬಲಗಾಲಿಗೆ ಸುತ್ತಿದ ಬಟ್ಟೆಯಿಂದ ಕೊಳೆತ ವಾಸನೆ. ಕಾಲು ತೆಗೆಯದಿದ್ದರೆ ಪ್ರಾಣ ಹೋಗುತ್ತದೆಂದು ಡಾಕ್ಟರು ಹೇಳಿ ವಾರವಾಗಿತ್ತು. ಹಿಮ್ಮಡಿಯಿಂದ ಡೋಲಿನ ಚರ್ಮ ಒತ್ತಿ ದನಿ ಏರಿಳಿಸುವ ಕಾಲು ಅದು, ಕೊಡುವುದಿಲ್ಲವೆಂದು ಮುದುಕ ಪಟ್ಟು ಹಿಡಿದಿದ್ದ. ಹೆಂಡತಿ ಅತ್ತಳು, ಪಾದ್ರಿ ಬುದ್ಧಿ ಹೇಳಿದ, ಮಗ ಕಾಲಿಗೆ ಬಿದ್ದ, ಅದೇ ಕಾಲಿಗೆ. ಬದುಕಿರುವವರ ಮಾತು ನಾಟಲಿಲ್ಲ. ಇನ್ನು ಸತ್ತವರ ಕಡೆಯಿಂದ ಹೇಳಿಸುವುದೊಂದೇ ಉಳಿದಿತ್ತು.

"ಏನೋ ಮುದುಕಾ," ಎಂದ ರೆನೆಲ್, ಡೋಲಿನ ಮೇಲೆ ಬಾಗಿ. "ನೀನಿನ್ನೂ ಇಲ್ಲೇ ಕೂತಿದ್ದೀಯ, ನಿನ್ನ ಕಾಲು ಆಗಲೇ ನನ್ನ ಮನೆ ಬಾಗಿಲು ತಟ್ಟುತ್ತಾ ಇದೆಯಲ್ಲೋ."

ಜನ ನಕ್ಕರು. ಒದಿಲೊನ್ ನಗಲಿಲ್ಲ. ಅವನ ಕೈ ನಿಂತಿತು.

"ನನಗೇನೂ ಆತುರ ಇಲ್ಲ. ಆ ಕಾಲೊಂದು ಮುಂಗಡ ಕೊಡು. ಉಳಿದ ನಿನ್ನನ್ನ ನಿಧಾನಕ್ಕೆ ತಗೊಂಡು ಹೋಗ್ತೀನಿ, ಮೊಮ್ಮಕ್ಕಳ ಮದುವೆಗೆ ಡೋಲು ಬಾರಿಸಿದ ಮೇಲೆ."

ಮುದುಕ ಅವನ ಮುಖವನ್ನೇ ನೋಡುತ್ತಿದ್ದ. ಆಮೇಲೆ, ಗುಡಿ ನಡೆಸುವ ಇಸ್ಮೆನಿಯಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದ: "ಘೇದೆಪ್ಪ ಬಂದು ಇಷ್ಟು ಹೊತ್ತಾಯ್ತು. ಇನ್ನೂ ಬಾಟಲಿ ಕೊಟ್ಟಿಲ್ಲವಲ್ಲ ತಾಯಿ."

ಹೋಟೆಲಿನಲ್ಲಿ ರೆನೆಲ್ ಕುಡಿಯುವ ಬಾಟಲಿಯಲ್ಲಿ ಇರುವುದು ನಿಂಬೆ ಷರಬತ್ತು. ಇಲ್ಲಿ, ಕಬ್ಬಿನ ಸಾರಾಯಿಯಲ್ಲಿ ವರ್ಷವಿಡೀ ನೆನೆದ ಕೆಂಡದಂಥ ಮೆಣಸಿನಕಾಯಿ. ಘೇದೆ ಅದನ್ನು ಗಟಗಟ ಕುಡಿದು, ಉಳಿದದ್ದರಲ್ಲಿ ಕಣ್ಣು ತೊಳೆದುಕೊಳ್ಳುತ್ತಾನೆ. ಮುಖ ಕಿವುಚಿದವನು ಕಳ್ಳ. ಕಳ್ಳ ಸಿಕ್ಕಿಬಿದ್ದರೆ ಈ ಅಂಗಳದಲ್ಲಿ ಅವನಿಗೂ, ಅವನ ಮಾತಿಗೂ ಜಾಗವಿಲ್ಲ. ಅಪ್ಪನ ಕಾಲು ಅಪ್ಪನನ್ನು ಎಳೆದುಕೊಂಡೇ ಹೋಗುತ್ತದೆ.

ಇಸ್ಮೆನಿಯಮ್ಮ ಬಾಟಲಿ ಚಾಚಿದಳು. ಅವನು ಕುಡಿದ. ಗಂಟಲು ಹತ್ತಿ ಉರಿಯಿತು. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಅಗಲಿಸಿ, ಉಳಿದದ್ದನ್ನು ಬೊಗಸೆಯಲ್ಲಿ ಹಿಡಿದು ಸುರಿದುಕೊಂಡ. ಮುಖದ ಒಂದು ನರವೂ ಅಲುಗದಂತೆ ಹಿಡಿದು, ಮೂಗಿನಲ್ಲೇ ನಕ್ಕ. ಎಷ್ಟು ಹೊತ್ತು ನಕ್ಕನೋ. ಕೊನೆಗೆ ಡೋಲಿನ ಹಿಂದಿನಿಂದ ಮರದ ಪೀಠ ಸರಿದ ಸದ್ದು ಕೇಳಿಸಿತು.

"ಬೈಕಿನವನನ್ನು ಕರೀರಿ," ಎಂದ ಒದಿಲೊನ್. "ಆಸ್ಪತ್ರೆಗೆ ಹೋಗ್ತೀನಿ."

ಟೋಪಿ ತೆಗೆದು ಬಕೆಟ್‌ಗಟ್ಟಲೆ ನೀರು ಹಾಕಿಕೊಂಡರೂ ರೆನೆಲ್‌ನ ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ಆದರೂ ಅಪ್ಪನ ಜೊತೆ ಬೈಕ್ ಹತ್ತಿದ. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ರೆನೆಲ್ ಅಪ್ಪನಿಗೆ ಹೆಗಲು ಕೊಟ್ಟ, ಅಪ್ಪ ಕುಂಟುತ್ತ ಅವನನ್ನು ನಡೆಸಿದ. ನಾಲ್ಕು ಹೆಜ್ಜೆಯಾಗಿರಬೇಕು, ಕಿವಿಯ ಪಕ್ಕದಲ್ಲೇ, ಅಪ್ಪನಿದ್ದ ಕಡೆಯಿಂದ, ಒಂದು ಸ್ವರ ಎದ್ದಿತು. ಪೂರಾ ಮೂಗಿನದು. ರೆನೆಲ್ ಇಷ್ಟು ವರ್ಷ ಅಭ್ಯಾಸ ಮಾಡಿಯೂ ಮುಟ್ಟಲಾಗದ ಆಳದ್ದು. ಯಾರೆಂದು ನೋಡಲು ಕಣ್ಣು ತೆರೆಯಲು ಹೆಣಗಿದ. ಆಗಲಿಲ್ಲ.

"ಮುಂದೆ ಮೆಟ್ಟಿಲಿದೆ, ನಿಧಾನವಾಗಿ ಕಾಲಿಡೋ," ಎಂದಿತು ಸ್ವರ. "ನಾನು ಕೇಳಿದ್ದು ಒಂದೇ ಕಾಲು."