ಬಲಗಡೆಯ ಮರಿಗಳು

ಈಗ ಬಿದ್ದರೆ ಇರುವ ಒಂದು ಗಟ್ಟಿ ಕಾಲೂ ಹೋಗುತ್ತದೆ, ಕುರಿಗಳ ಹಿಂದೆ ಗಂಡನ ಸಂಗಡ ತಿರುಗುವುದೂ ಮುಗಿಯುತ್ತದೆ. ಬಳಗಾನೂರಿನ ಕಾಲುವೆ ಸೇತುವೆಯ ಮೇಲೆ ಗಿಡ್ಡ ಕುದುರೆ ಎಡಕ್ಕೆ ವಾಲಿ ನೀರಿನತ್ತ ಸರಿದಾಗ ಹುಸೇನಮ್ಮ ಅದರ ಕುತ್ತಿಗೆಯ ಕೂದಲು ಬಿಗಿಯಾಗಿ ಹಿಡಿದಳು. ಪೋಲಿಯೋದಿಂದ ಸೊರಗಿದ ಬಲಗಾಲನ್ನು ಆಚೆ ಹಾಕಲಾಗದೆ, ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು ಕೂತಿದ್ದಳು.

"ಇಳಿಸಲೇ ಯಮನೂರ, ಬೀಳಾಕತ್ತಾಳ! ಬಸ್ ಹತ್ತಿಸಿ ಊರಿಗೆ ಕಳಸು. ಸಾಮಾನು ಹೇರಿದ್ರ ಸುಮ್ಮ ನಡಿತೈತಿ, ಈಕಿ ಕುಂತ್ರ ಕುಣಿತೈತಿ," ಎಂದು ಕುರಿಮರಿಗಳ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಬರುತ್ತಿದ್ದ ಅತ್ತೆ ದ್ಯಾವಮ್ಮ ಕೂಗಿದಳು. ಯಮನೂರ ಹೆಂಡತಿಯನ್ನು ಇಳಿಸಲು ಸೊಂಟಕ್ಕೆ ಕೈ ಹಾಕಿದ.

ಅತ್ತೆಯ ಮಾತಿನಲ್ಲೇ ಹುಸೇನಮ್ಮನಿಗೆ ದಾರಿ ಕಂಡಿತು. ಸಾಮಾನನ್ನು ಎರಡೂ ಕಡೆ ಸಮ ತೂಗುವಂತೆ ಹೇರುತ್ತಾರೆ. ತನ್ನನ್ನು ಕೂರಿಸುವಾಗ ಮಾತ್ರ ಎಲ್ಲರೂ ಅದನ್ನು ಮರೆತಿದ್ದರು.

"ಇಳಿಸಬ್ಯಾಡ. ಅತ್ತಿ ಹೆಗಲಿನ ಮರಿಚೀಲ ತಂದು ಬಲಗಡೆ ಕಟ್ಟು," ಎಂದಳು.

ಯಮನೂರ ತಂದು ಕಟ್ಟಿದ ಚೀಲದೊಳಗಿನ ಎಳೆ ಕುರಿಮರಿಗಳು ಬಲಕ್ಕೆ ಜೋತುಬಿದ್ದು ಅರಚಿದವು. ಕುದುರೆ ಕಿವಿ ಆಡಿಸಿತು, ನೆಟ್ಟಗೆ ನಿಂತಿತು, ಆಮೇಲೆ ತಾನಾಗಿಯೇ ಹೆಜ್ಜೆ ಹಾಕಿತು.

"ಸೊಸಿನ್ನ ಹ್ಯಾಂಗ ಹೇರೂದು ನಮಗ ಗೊತ್ತಿದ್ದಿಲ್ಲ ನೋಡು," ಎಂದಳು ದ್ಯಾವಮ್ಮ.

ಹುಸೇನಮ್ಮ ಕುತ್ತಿಗೆಯ ಕೂದಲಿನ ಹಿಡಿತ ಸಡಿಲಿಸಿದಳು. ಕುದುರೆ ಸೇತುವೆ ದಾಟಿತ್ತು, ಬಸ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.